ಗಾಡಿಯ ಹೊಟ್ಟೆಗೆ ಯಾವ ತಗಡು: ಉಕ್ಕೋ, ಅಲ್ಯೂಮಿನಿಯಮ್ಮೋ?

ಕಲಬುರಗಿ ಜಿಲ್ಲೆಯ ಶಹಾಬಾದ್ ಮತ್ತು ವಾಡಿಯ ಸುತ್ತಲಿನ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗಳ ನಡುವಿನ ಕಚ್ಚಾ ದಾರಿಯಲ್ಲಿ ಒಮ್ಮೆಯಾದರೂ ಪಿಕಪ್ ಓಡಿಸಿದವರಿಗೆ, ಗಾಡಿಯ ಕೆಳಗಿನಿಂದ ಏಳುವ ಆ ಕರ್ಕಶ ಸದ್ದನ್ನು ವಿವರಿಸಬೇಕಾಗಿಲ್ಲ. ಕಲ್ಲು ತಾಗಿದ್ದು ಚಾಸಿಗೋ, ಎಂಜಿನ್ನಿನ ಆಯಿಲ್ ಚೇಂಬರಿಗೋ ಎಂಬುದು ಕೆಳಗಿಳಿದು ಬಗ್ಗಿ ನೋಡುವವರೆಗೆ ತಿಳಿಯುವುದಿಲ್ಲ. ಚೇಂಬರು ಒಡೆದದ್ದನ್ನು ಗಮನಿಸದೆ ಓಡಿಸಿದರೆ ಎಣ್ಣೆಯೆಲ್ಲ ಸುರಿದುಹೋಗಿ ಎಂಜಿನ್ ಜಾಮ್ ಆಗುತ್ತದೆ. ಕಾರ್ಖಾನೆಯಿಂದ ಬರುವ ಗಾಡಿಗಳಲ್ಲಿ ಹೆಚ್ಚಿನವುಗಳ ಕೆಳಗೆ ಇರುವುದು ಪ್ಲಾಸ್ಟಿಕ್ ಕವಚ ಅಥವಾ ತೆಳು ತಗಡು. ಅದು ಕೆಸರನ್ನು ತಡೆಯುತ್ತದೆಯೇ ಹೊರತು ಕಲ್ಲನ್ನಲ್ಲ. ಆದ್ದರಿಂದ ಬೊಲೆರೊ ಕ್ಯಾಂಪರ್, ವಿ-ಕ್ರಾಸ್, ಹೈಲಕ್ಸ್‌ನಂಥ ಪಿಕಪ್ ಗಾಡಿಗಳನ್ನು ಹೊಲಕ್ಕೂ ಹಳ್ಳಕ್ಕೂ ಇಳಿಸುವವರು ಗಟ್ಟಿಯಾದ ಚೇಂಬರ್ ಗಾರ್ಡ್ ಹಾಕಿಸಲು ಮುಂದಾಗುತ್ತಾರೆ, ಮತ್ತು ಆಗ ಯಾವ ಲೋಹವೆಂಬ ಪ್ರಶ್ನೆ ಏಳುತ್ತದೆ.

ಅಂಗಡಿಗೆ ಹೋಗುವ ಮೊದಲು ಗಾಡಿಯ ಕೆಳಭಾಗವನ್ನು ಓದಿಕೊಳ್ಳಬೇಕು. ಸರ್ವಿಸ್ ರ್‍ಯಾಂಪಿನ ಮೇಲೆ ಹತ್ತಿಸಿದರೆ ಒಳ್ಳೆಯದು. ಮನೆಯಲ್ಲಿಯೇ ನೋಡುವುದಾದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿನ ಜೊತೆಗೆ ಸ್ಟ್ಯಾಂಡ್ ಕೂಡ ಇಡಬೇಕು. ಬರೀ ಜಾಕಿನ ಭರವಸೆಯ ಮೇಲೆ ಯಾರೂ ಗಾಡಿಯ ಕೆಳಗೆ ನುಸುಳಬಾರದು. ಗೀರು ಬಿದ್ದ ಜಾಗಗಳಿಗೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತ ಹೋದರೆ, ಕವಚ ಎಲ್ಲಿ ಬೇಕೆಂಬುದನ್ನು ಗಾಡಿಯೇ ಹೇಳುತ್ತದೆ. ಗುರುತುಗಳೆಲ್ಲ ಹಿಂದಿನ ಆಕ್ಸಲಿನ ಹೌಸಿಂಗ್ ಮೇಲಿದ್ದರೆ ಎಂಜಿನ್ ಕೆಳಗೆ ಹಣ ಸುರಿದು ಪ್ರಯೋಜನವಿಲ್ಲ. ರೇಡಿಯೇಟರಿನ ಕೆಳಗೆ, ಚೇಂಬರಿನ ಮುಂಭಾಗದಲ್ಲಿ, ಗೇರ್‌ಬಾಕ್ಸ್ ಹೊತ್ತಿರುವ ಕ್ರಾಸ್ ಮೆಂಬರಿನಲ್ಲಿ (ಚಾಸಿಯ ಅಡ್ಡಪಟ್ಟಿಯಲ್ಲಿ) ಅಥವಾ ಡೀಸೆಲ್ ಟ್ಯಾಂಕಿನ ಅಂಚಿನಲ್ಲಿ ಗುರುತುಗಳಿದ್ದರೆ ಮಾತು ಬೇರೆ.

ಎರಡನೆಯದಾಗಿ, ತುಳಿಯುವ ನೆಲ ಯಾವುದೆಂದು ನೋಡಿಕೊಳ್ಳಬೇಕು. ಲೋಹದ ಆಯ್ಕೆಯನ್ನು ನಿರ್ಧರಿಸುವುದು ಕ್ಯಾಟಲಾಗಲ್ಲ, ಈ ನೆಲ ಎಂಬುದು ನನ್ನ ಅಭಿಪ್ರಾಯ. ಶಹಾಬಾದ್, ಚಿತ್ತಾಪುರ, ಸೇಡಂ ಭಾಗದ ಸುಣ್ಣಕಲ್ಲು ಪದರ ಪದರವಾಗಿ ಒಡೆಯುವುದರಿಂದ ಅದರ ಚೂರುಗಳಿಗೆ ಕತ್ತಿಯಂಥ ಅಂಚಿರುತ್ತದೆ. ಯಾದಗಿರಿ, ಶಹಾಪುರ, ಸುರಪುರದ ಕಡೆಗಿನ ಗ್ರಾನೈಟ್ ಗುಂಡುಗಳು ನೋಡಲು ದುಂಡಗಿದ್ದರೂ ಮೈಯೆಲ್ಲ ಒರಟು. ಅಲ್ಯೂಮಿನಿಯಂ ಮೃದುವಾದ ಲೋಹವಾದ್ದರಿಂದ ಇವೆರಡೂ ಬಗೆಯ ಕಲ್ಲುಗಳು ಅದನ್ನು ಕೆತ್ತಿ, ಕಚ್ಚಿ ಹಿಡಿದುಕೊಳ್ಳುತ್ತವೆ. ಗಾಡಿ ಜಾರಿ ಮುಂದೆ ಹೋಗಬೇಕಾದ ಕಡೆ ತಡವರಿಸಿ ನಿಲ್ಲುತ್ತದೆ. ಉಕ್ಕಿನ ಮೇಲೆ ಅದೇ ಕಲ್ಲು ಗೀರೆಳೆದು ಜಾರಿಕೊಳ್ಳುತ್ತದೆ. ಬೀದರ್ ಸುತ್ತಲಿನ ಜಂಬಿಟ್ಟಿಗೆಯ ಕೆಂಪು ನೆಲ ಇವುಗಳಿಗಿಂತ ಮೆತ್ತಗಿದ್ದು, ಅಲ್ಲಿ ಅಲ್ಯೂಮಿನಿಯಂ ಹೆಚ್ಚು ದಿನ ಬಾಳುತ್ತದೆ. ಇನ್ನು ಎರೆ ಭೂಮಿಯ ಬಂಡಿ ದಾರಿಗಳಲ್ಲಿ ಮಳೆಗಾಲದ ಗಾಲಿಜಾಡು ಬೇಸಿಗೆಗೆ ಒಣಗಿ ಕಲ್ಲಾಗಿ, ನಡುವಿನ ದಿಬ್ಬ ಗಾಡಿಯ ಹೊಟ್ಟೆಯನ್ನು ಉದ್ದಕ್ಕೂ ಉಜ್ಜುತ್ತದೆ. ಆದರೆ ಅದು ಮಣ್ಣೇ ಆದ್ದರಿಂದ ಎರಡೂ ಲೋಹಗಳು ತಡೆದುಕೊಳ್ಳುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಉಕ್ಕಿನ ಸಾಂದ್ರತೆ ನೀರಿನ 7.85 ಪಟ್ಟು, ಅಲ್ಯೂಮಿನಿಯಮ್ಮಿನದು ಸುಮಾರು 2.7 ಪಟ್ಟು. ತಗಡಿನ ಉದ್ದ ಮತ್ತು ಅಗಲವನ್ನು ಮೀಟರಿನಲ್ಲಿ, ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿದು ಮೂರನ್ನೂ ಗುಣಿಸಿ, ಬಂದದ್ದನ್ನು ಈ ಅಂಕಿಯಿಂದ ಗುಣಿಸಿದರೆ ನೇರವಾಗಿ ಕಿಲೋ ಲೆಕ್ಕದ ತೂಕ ಸಿಗುತ್ತದೆ. 1 ಮೀಟರ್ ಉದ್ದ, 0.8 ಮೀಟರ್ ಅಗಲದ 3 ಮಿ.ಮೀ. ಉಕ್ಕಿನ ತಗಡು ಸುಮಾರು 19 ಕಿಲೋ ತೂಗಿದರೆ, ಅದೇ ಅಳತೆಯ 6 ಮಿ.ಮೀ. ಅಲ್ಯೂಮಿನಿಯಂ ತಗಡು ಸುಮಾರು 13 ಕಿಲೋ ತೂಗುತ್ತದೆ. ಅಲ್ಯೂಮಿನಿಯಂ ಹಗುರವೆಂದು ಹೊಗಳುವವರು ಸಾಮಾನ್ಯವಾಗಿ ಒಂದೇ ದಪ್ಪದ ಎರಡು ತಗಡುಗಳನ್ನು ಹೋಲಿಸುತ್ತಾರೆ. ಅದು ಸರಿಯಾದ ಹೋಲಿಕೆಯಲ್ಲ, ಏಕೆಂದರೆ ಅಲ್ಯೂಮಿನಿಯಮ್ಮಿನ ಬಿಗಿತ ಉಕ್ಕಿನ ಮೂರನೇ ಒಂದು ಪಾಲು ಮಾತ್ರ, ಹೀಗಾಗಿ ಅದನ್ನು ದಪ್ಪವಾಗಿಯೇ ಹಾಕಬೇಕಾಗುತ್ತದೆ. ಅರ್ಧ ಕ್ವಿಂಟಾಲಿನ ತೊಗರಿ ಚೀಲಗಳನ್ನು ಹೇರುವ ಗಾಡಿಗೆ ಆರು ಕಿಲೋ ಹೆಚ್ಚು ಕಡಿಮೆಯಾದರೆ ಏನೂ ಆಗುವುದಿಲ್ಲ.

ಆದರೆ ಅಲ್ಯೂಮಿನಿಯಮ್ಮಿನ ಪರವಾದ ನಿಜವಾದ ವಾದವೂ ಇದೇ ದಪ್ಪದಲ್ಲಿದೆ. ತಗಡು ಬಾಗದೆ ನಿಲ್ಲುವ ಗುಣ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ದಪ್ಪ ಇಮ್ಮಡಿಯಾದರೆ ಬಿಗಿತ ಎಂಟು ಪಟ್ಟಾಗುತ್ತದೆ. ಹಾಗಾಗಿ 6 ಮಿ.ಮೀ. ಅಲ್ಯೂಮಿನಿಯಂ, 4 ಮಿ.ಮೀ. ಉಕ್ಕಿಗಿಂತಲೂ ತುಸು ಹೆಚ್ಚೇ ಬಿಗಿಯಾಗಿದ್ದು, ಅದರ ಅರ್ಧದಷ್ಟು ಮಾತ್ರ ತೂಗುತ್ತದೆ. ಹೆದ್ದಾರಿ 50ರಲ್ಲಿ ಬೀದರಿನಿಂದ ವಿಜಯಪುರದವರೆಗೆ ದಿನವಿಡೀ ಓಡಾಡಿ, ಅಪರೂಪಕ್ಕೊಮ್ಮೆ ಚಿಂಚೋಳಿಯ ಕಾಡುದಾರಿಗೆ ತಿರುಗುವವರು, ಎಂಜಿನ್ನಿನಿಂದ ಟ್ಯಾಂಕಿನವರೆಗೆ ಪೂರ್ತಿ ಮುಚ್ಚಿಸುವುದಾದರೆ ಅಲ್ಯೂಮಿನಿಯಂ ಆರಿಸುವುದರಲ್ಲಿ ಅರ್ಥವಿದೆ. ತುಕ್ಕು ಹಿಡಿಯುವುದಿಲ್ಲವೆಂಬ ಕಾರಣಕ್ಕೆ ಮಾತ್ರ ಅದನ್ನು ಕೊಳ್ಳಬೇಕಾಗಿಲ್ಲ. ಕರಾವಳಿಯ ಉಪ್ಪು ಗಾಳಿ ನಮ್ಮಲ್ಲಿಲ್ಲ, ವರ್ಷಕ್ಕೊಮ್ಮೆ ಗೀರಿನ ಮೇಲೆ ಪ್ರೈಮರ್ ಬಳಿದರೆ ಉಕ್ಕು ಬಹುಕಾಲ ಉಳಿಯುತ್ತದೆ.

ಅಲ್ಯೂಮಿನಿಯಂ ಕೊಳ್ಳುವವರು ಅದರ ದರ್ಜೆಯನ್ನು ಕೇಳಲೇಬೇಕು. 5052 ಎಂಬ ದರ್ಜೆ ಬಿರುಕು ಬಿಡದೆ ಬಾಗುತ್ತದೆ. 6061-ಟಿ6 ಅದಕ್ಕಿಂತ ಬಲವಾದದ್ದು, ಆದರೆ ಚಿಕ್ಕ ಮಡಿಕೆ ಕೊಟ್ಟರೆ ಸೀಳುತ್ತದೆ, ಬೆಸುಗೆ ಹಾಕಿದ ಜಾಗದಲ್ಲಿ ಬಲವನ್ನೂ ಕಳೆದುಕೊಳ್ಳುತ್ತದೆ. ದರ್ಜೆ ಹೇಳಲಾಗದ ಅಂಗಡಿಯಿಂದ ಕೊಳ್ಳದಿರುವುದೇ ಲೇಸು. ಉಕ್ಕಿನಲ್ಲಿ ದಪ್ಪವನ್ನು ಪರೀಕ್ಷಿಸಬೇಕು. 3 ಮಿ.ಮೀ. ಎಂದು ಹೇಳಿ ನನಗೊಮ್ಮೆ ಕೊಟ್ಟ ಗಾರ್ಡಿನ ಅಂಚಿಗೆ ದಪ್ಪ ಅಳೆಯುವ ಕ್ಯಾಲಿಪರ್ ಹಿಡಿದಾಗ, ಬಣ್ಣವೂ ಸೇರಿ ಎರಡಕ್ಕೆ ಮುಟ್ಟಲಿಲ್ಲ. ಕ್ಯಾಲಿಪರ್ ಇಲ್ಲದವರು ತಕ್ಕಡಿಯಲ್ಲಿಟ್ಟು, ಮೇಲಿನ ಲೆಕ್ಕದೊಂದಿಗೆ ತಾಳೆ ನೋಡಬಹುದು.

ದುರಸ್ತಿಯ ಮಾತನ್ನೂ ಈಗಲೇ ಯೋಚಿಸಬೇಕು. ಸೊಟ್ಟಗಾದ ಉಕ್ಕಿನ ಗಾರ್ಡನ್ನು ಹೋಬಳಿ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬಡಿದು ನೇರ ಮಾಡಿ, ಸೀಳಿದ್ದರೆ ಸಾಮಾನ್ಯ ವೆಲ್ಡಿಂಗ್ ಹಾಕಿ ಸಂಜೆಯೊಳಗೆ ಕೊಡುತ್ತಾರೆ. ಅಲ್ಯೂಮಿನಿಯಮ್ಮಿಗೆ ಆರ್ಗಾನ್ ವೆಲ್ಡಿಂಗ್ ಬೇಕು, ಅದರ ಕೈಚಳಕವಿರುವವರನ್ನು ಹುಡುಕಿ ಪಟ್ಟಣಕ್ಕೆ ಬರಬೇಕು. ತೂಕಕ್ಕೆ ತೂಕ ಹಿಡಿದರೆ ಅದರ ಬೆಲೆಯೂ ಉಕ್ಕಿನ ಹಲವು ಪಟ್ಟು. ಇವೆಲ್ಲವನ್ನೂ ತೂಗಿ ನೋಡಿದರೆ, ಖಣಿ ಮತ್ತು ಗುಡ್ಡದ ದಾರಿಯಲ್ಲಿ ದಿನವೂ ದುಡಿಯುವ ಗಾಡಿಗೆ 3 ಅಥವಾ 4 ಮಿ.ಮೀ. ಉಕ್ಕನ್ನೇ ನಾನು ಸೂಚಿಸುತ್ತೇನೆ. ಎಂಜಿನ್ ಕೆಳಗೆ ಉಕ್ಕು, ಅದರ ಹಿಂದೆ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆಯ) ಕೆಳಗೆ ಅಲ್ಯೂಮಿನಿಯಂ ಎಂಬ ಮಿಶ್ರ ಜೋಡಣೆಯೂ ಕೆಟ್ಟದ್ದಲ್ಲ, ಏಕೆಂದರೆ ಮೊದಲ ಪೆಟ್ಟನ್ನು ಹೆಚ್ಚಾಗಿ ತಿನ್ನುವುದು ಮುಂದಿನ ತಗಡೇ.

ಜೋಡಿಸುವಾಗ ಗಾರ್ಡಿನ ಭಾರವನ್ನು ಚಾಸಿ ಮತ್ತು ಕ್ರಾಸ್ ಮೆಂಬರ್ ಹೊರಬೇಕೇ ಹೊರತು ಎಂಜಿನ್ನಿನ ಯಾವ ಭಾಗವೂ ಹೊರಬಾರದು. ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಅಲುಗಾಡುವುದರಿಂದಲೂ, ಕಲ್ಲಿನ ಪೆಟ್ಟಿಗೆ ತಗಡು ಒಳಕ್ಕೆ ತಗ್ಗುವುದರಿಂದಲೂ ಚೇಂಬರಿಗೂ ಗಾರ್ಡಿಗೂ ನಡುವೆ ಕನಿಷ್ಠ ಎರಡು ಬೆರಳಿನಷ್ಟು ಸಂದು ಬಿಡಿಸಿಕೊಳ್ಳಿ. ಬೋಲ್ಟಿನ ತಲೆ ಹೊರಚಾಚಿದರೆ ಮೊದಲ ಬಂಡೆಯೇ ಅದನ್ನು ತರಿದುಹಾಕುತ್ತದೆ; ಆದ್ದರಿಂದ ತಲೆ ಗುಳಿಯೊಳಗೆ ಕೂರುವಂತೆ ತೂತು ಕೊರೆಸಿ, 8.8 ಎಂಬ ಬಲದ ದರ್ಜೆಯ ಬೋಲ್ಟುಗಳನ್ನೇ ಹಾಕಿಸಬೇಕು. ಅಲ್ಯೂಮಿನಿಯಂ ಗಾರ್ಡಿಗೆ ಉಕ್ಕಿನ ಬೋಲ್ಟು ಹಾಕಿದರೆ ತೇವದಲ್ಲಿ ಉಕ್ಕಿಗೆ ತಾಗಿದ ಅಲ್ಯೂಮಿನಿಯಂ ಕೊರೆದುಹೋಗುವುದರಿಂದ ಬೋಲ್ಟಿಗೆ ಗ್ರೀಸ್ ಸವರುವುದನ್ನು ಮರೆಯಬಾರದು. ಆಯಿಲ್ ಬದಲಿಸಲು ಕೈ ಹೋಗುವಷ್ಟು ಕಿಂಡಿ ಇರಲಿ, ಇಲ್ಲವಾದರೆ ಪ್ರತಿ ಸರ್ವಿಸಿಗೂ ಇಡೀ ಗಾರ್ಡ್ ಬಿಚ್ಚಬೇಕಾಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಎಂಜಿನ್ನಿನ ಬಿಸಿ ಹೊರಹೋಗುವ ಗಂಡಿಗಳೂ ಅಷ್ಟೇ ಮುಖ್ಯ. ಅಲ್ಯೂಮಿನಿಯಂ ಬಿಸಿಯನ್ನು ಬೇಗ ಹರಡುತ್ತದೆಂಬುದು ನಿಜವಾದರೂ ಗಾರ್ಡ್ ಎಂಜಿನ್ನಿಗೆ ತಾಗಿರುವುದಿಲ್ಲವಾದ್ದರಿಂದ, ಇಲ್ಲಿ ಕೆಲಸ ಮಾಡುವುದು ಗಾಳಿಯ ಹರಿವು. ಗಾರ್ಡ್ ಹಾಕಿಸುವ ಮೊದಲು ವಾರಂಟಿಗೆ ಧಕ್ಕೆಯಾಗುವುದೇ ಎಂದು ಸರ್ವಿಸ್ ಸೆಂಟರಿನಲ್ಲಿ ಬರಹದಲ್ಲಿ ಕೇಳಿಕೊಂಡಿರಿ.

ಮೊದಲ 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೆ ಬಿಗಿ ಮಾಡಿಸಬೇಕು. ಮಳೆಗಾಲದಲ್ಲಿ ಎರೆಮಣ್ಣು ಗಾರ್ಡಿನ ಮೇಲ್ಮೈಯಲ್ಲಿ ತುಂಬಿ ಒಣಗಿದರೆ ಕಿಲೋಗಟ್ಟಲೆ ಭಾರವಾಗುತ್ತದೆ. ಅದನ್ನು ಹಸಿ ಇರುವಾಗಲೇ ಮೇಲಿನಿಂದ ನೀರು ಬಿಟ್ಟು ತೊಳೆಯಬೇಕು. ತೊಗರಿ ಕೊಯ್ಲಾದ ಹೊಲದಲ್ಲಿ ಓಡಾಡಿ ಬಂದ ದಿನ, ಟೈರಿಗೆ ಕೂಳೆ ಚುಚ್ಚಿದೆಯೇ ಎಂದು ನೋಡುವುದರ ಜೊತೆಗೆ ಗಾರ್ಡಿನ ಮೇಲೆ ಕೂತ ಒಣ ಕಡ್ಡಿ, ಹೊಟ್ಟುಗಳನ್ನು ಗಾಡಿ ಆರಿದ ಮೇಲೆ ಕೈಯಿಂದಲೇ ತೆಗೆಯಬೇಕು. ಅವುಗಳ ಪಕ್ಕದಲ್ಲಿಯೇ ಕಾದ ಸೈಲೆನ್ಸರ್ ಇರುತ್ತದೆ.