ಬಾಖ್ ನುಡಿಸುವ ಮುಂಚೆ ಹೆಜ್ಜೆ ಹಾಕಿ ಕಲಿತೆ

ಜರ್ಮನಿಯ ಸಂಗೀತಕಾರ ಬಾಖ್‌ನ ಐದನೇ ಫ್ರೆಂಚ್ ಸ್ವೀಟ್ ಎಂಬ ಕೀಬೋರ್ಡ್ ಕೃತಿ ಮೊದಲು ನನ್ನ ಕಾಲಿಗೆ ಬಂತು, ಆಮೇಲೆ ಕೈಗೆ ಬಂತು. ಬರೋಕ್ ಕಾಲದ (ಸುಮಾರು 1600ರಿಂದ 1750ರವರೆಗಿನ) ಸಂಗೀತ ನುಡಿಸುವ ಯಾರಿಗಾದರೂ ಈ ದಾರಿ ಉಪಯೋಗಕ್ಕೆ ಬರುತ್ತೆ ಅಂತ ನನಗೆ ಗಟ್ಟಿ ನಂಬಿಕೆ. ಅದಕ್ಕೇ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಸ್ವೀಟ್ ಅಂದರೆ ಒಂದೇ ಕೀಯಲ್ಲಿ (ಒಂದೇ ಆಧಾರ ಸ್ವರದ ಸುತ್ತ) ಸಾಲಾಗಿ ಬರುವ ನೃತ್ಯಗಳು. ಐದನೆಯದರ ಕೀ ಜಿ ಮೇಜರ್. ಅಲ್ಮಾಂಡ್, ಕುರಾಂಟ್, ಸರಬಾಂಡ್, ಗವಾಟ್, ಬೂರೆ, ಲೂರ್, ಜೀಗ್ ಅಂತ ಒಟ್ಟು ಏಳು. ಬಾಖ್ ತನ್ನ ಹೆಂಡತಿ ಆನ್ನಾ ಮಗ್ದಲೇನಾಗೆ 1722ರಲ್ಲಿ ಒಂದು ಪುಸ್ತಕ ಶುರು ಮಾಡಿಕೊಟ್ಟಿದ್ದ. ಮೊದಲ ಐದು ಫ್ರೆಂಚ್ ಸ್ವೀಟ್‌ಗಳ ಆರಂಭದ ರೂಪ ಅದರಲ್ಲೇ ಇದೆ. ಇದು ಮನೆಯಲ್ಲಿ ಕೂತು ನುಡಿಸುವ ಸಂಗೀತ. ಇದನ್ನು ಹಾಕಿಕೊಂಡು ಕುಣಿಯಲಿ ಅಂತ ಬರೆದದ್ದಲ್ಲ. ಆದರೂ ಆಗಿನ ಕಾಲದವರಿಗೆ ಗವಾಟ್, ಮಿನುಯೆಟ್ ಅಂದ ತಕ್ಷಣ ಹೆಜ್ಜೆ ನೆನಪಾಗುತ್ತಿತ್ತು. ನಮಗೆ ಆ ನೆನಪು ಇಲ್ಲ. ಅದನ್ನು ಸಂಪಾದಿಸಿಕೊಳ್ಳಬೇಕು.

ಐದನೇ ಸ್ವೀಟ್‌ನಲ್ಲಿ ಮಿನುಯೆಟ್ ಇಲ್ಲ. ಆದರೂ ನಾನು ಶುರು ಮಾಡಿದ್ದು ಅದರಿಂದಲೇ. ಪಿಯಾನೋ ಕ್ಲಾಸಿಗೆ ಹೋದವರೆಲ್ಲ ನುಡಿಸುವ ಆ ಜಿ ಮೇಜರ್ ಮಿನುಯೆಟ್ ಇದೆಯಲ್ಲ, ಅದನ್ನೇ ತಗೊಂಡೆ. ಬಹಳ ಕಾಲ ಬಾಖ್‌ನದು ಅಂತಲೇ ಹೆಸರಾಗಿತ್ತು. ನಿಜಕ್ಕೂ ಅದು ಕ್ರಿಶ್ಚಿಯನ್ ಪೆಟ್ಜೋಲ್ಡ್‌ನದು. ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಮೂರು ಬೀಟ್ (ಎಣಿಕೆ). ಆದರೆ ಮಿನುಯೆಟ್‌ನ ಒಂದು ಪೂರ್ತಿ ಹೆಜ್ಜೆಗೆ ಆರು ಬೀಟ್ ಬೇಕು, ಅಂದರೆ ಎರಡು ಬಾರ್. ಒಂದು, ಮೂರು, ನಾಲ್ಕು, ಐದಕ್ಕೆ ಹೆಜ್ಜೆ. ಎರಡಕ್ಕೆ ಮತ್ತು ಆರಕ್ಕೆ ಮಂಡಿ ಮೆತ್ತಗೆ ಬಗ್ಗಬೇಕು. ಹಾಲ್‌ನಲ್ಲಿ ಜೋರಾಗಿ ಎಣಿಸುತ್ತಾ ಇದನ್ನು ನಡೆದೆ. ಬೇಸರ ಬರುವವರೆಗೂ ನಡೆದೆ. ಆಮೇಲೆ ಕೀಬೋರ್ಡ್ ಮುಂದೆ ಕೂತರೆ, ಪ್ರತಿ ಬಾರ್‌ನ ಮೊದಲ ಸ್ವರವನ್ನು ಕುಟ್ಟುವ ಅಭ್ಯಾಸ ತಾನಾಗೇ ಬಿಟ್ಟುಹೋಯಿತು. ಎರಡೆರಡು ಬಾರ್ ಒಂದೇ ಉಸಿರಿಗೆ ಬರತೊಡಗಿತು.

ಗವಾಟ್ ಮತ್ತು ಬೂರೆ ಈ ಸ್ವೀಟ್‌ನಲ್ಲಿ ಅಕ್ಕಪಕ್ಕದಲ್ಲೇ ಇವೆ. ಅದು ಒಳ್ಳೆಯದೇ ಆಯಿತು. ಬಾರ್‌ಗೆ ನಾಲ್ಕು ಎಣಿಸಿದರೆ ಗವಾಟ್ ಮೂರಕ್ಕೆ ಶುರುವಾಗುತ್ತೆ, ಬೂರೆ ನಾಲ್ಕಕ್ಕೆ. ಅಷ್ಟೇ ವ್ಯತ್ಯಾಸ ಅನ್ನಿಸಬಹುದು. ಆದರೆ ಗವಾಟ್‌ನ ಪ್ರತಿ ಸಾಲೂ ಬಾರ್‌ನ ನಡುವೆ ಹುಟ್ಟಿ ನಡುವೆಯೇ ಮುಗಿಯುತ್ತೆ. ಕರ್ನಾಟಕ ಸಂಗೀತ ಕಲಿತವರಿಗೆ ಎಡುಪು ಗೊತ್ತಲ್ವಾ, ತಾಳದ ಮೊದಲ ಪೆಟ್ಟು ದಾಟಿ ಹಾಡು ಎತ್ತಿಕೊಳ್ಳುವುದು? ಕಿವಿ ಹಾಗೆ ಪಳಗಿದ್ದರೆ ಗವಾಟ್ ಸಲೀಸು. ನಾನು ಎಡಗೈ ಒಂದನ್ನೇ ನುಡಿಸುತ್ತಾ, ‘ಮೂರು ನಾಲ್ಕು, ಒಂದು ಎರಡು’ ಅಂತ ಬಾಯಲ್ಲಿ ಹೇಳುತ್ತಾ ಕಲಿತೆ. ಬಲಗೈ ಸೇರಿಸಿದ್ದು ಅದು ಗಟ್ಟಿಯಾದ ಮೇಲೆ.

ಜಾಸ್ತಿ ಸಮಯ ತಗೊಂಡದ್ದು ಸರಬಾಂಡ್. ಸ್ಪೇನ್‌ನಲ್ಲಿ ಈ ಕುಣಿತ ಎಷ್ಟು ಬಿರುಸಾಗಿತ್ತೆಂದರೆ 1583ರಲ್ಲಿ ಅದನ್ನು ನಿಷೇಧಿಸಿದ್ದರು. ಫ್ರಾನ್ಸ್‌ಗೆ ಬಂದು ಅದು ನಿಧಾನವಾಯಿತು, ಗಂಭೀರವಾಯಿತು. ಮೂರು ಬೀಟ್‌ನಲ್ಲಿ ಎರಡನೆಯದಕ್ಕೆ ಭಾರ. ಪಿಯಾನೋದಲ್ಲಿ ಎರಡನೆಯದನ್ನು ಒತ್ತಿ ನುಡಿಸಿದರೆ ಮುಗಿಯಿತು. ಆದರೆ ಬಾಖ್‌ನ ಕಾಲದ ಕೀಬೋರ್ಡ್ ವಾದ್ಯ ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟುವುದು ಹಕ್ಕಿಯ ಗರಿಯ ಸಣ್ಣ ಚೂರು. ಎಷ್ಟೇ ಬಲ ಹಾಕಿದರೂ ಸದ್ದು ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ ಭಾರ ಎಲ್ಲಿಂದ ತರೋದು?

ನನ್ನ ಡಿಜಿಟಲ್ ಪಿಯಾನೋದಲ್ಲಿ ಹಾರ್ಪ್ಸಿಕಾರ್ಡ್ ಸದ್ದು ಇದೆ. ಅದನ್ನು ಹಾಕಿದರೆ ಬೆರಳಿನ ಒತ್ತಡ ಲೆಕ್ಕಕ್ಕೇ ಬರಲ್ಲ. ಪೆಡಲ್‌ನಿಂದ ಕಾಲೂ ತೆಗೆದೆ. ಈಗ ಕೈಯಲ್ಲಿ ಉಳಿದದ್ದು ಸಮಯ ಮಾತ್ರ. ಮೊದಲ ಬೀಟ್‌ನ ಸ್ವರವನ್ನು ಒಂದು ಕೂದಲಷ್ಟು ಮುಂಚೆ ಬಿಟ್ಟೆ. ಆ ಚಿಕ್ಕ ಮೌನ ಮುಗಿದ ಮೇಲೆ ಬಂದ ಎರಡನೇ ಬೀಟ್ ತೂಕವಾಗಿ ಕೇಳಿಸಿತು! ಸದ್ದು ಒಂದಿಷ್ಟೂ ಜಾಸ್ತಿ ಆಗಿರಲಿಲ್ಲ. ಫ್ರಾನ್ಸ್‌ನ ಹಾರ್ಪ್ಸಿಕಾರ್ಡ್ ವಾದಕ ಫ್ರಾನ್ಸ್ವಾ ಕೂಪ್ರಾಂ ತನ್ನ ಕಾಲದವರಿಗೆ ಕಲಿಸಿದ್ದೂ ಇದನ್ನೇ. ಸ್ವರವನ್ನು ಕೊಂಚ ಬೇಗ ನಿಲ್ಲಿಸು, ಇಲ್ಲವೇ ಕೊಂಚ ತಡವಾಗಿ ಶುರು ಮಾಡು. ಮೂಕ ತಂತಿಗೆ ಭಾವ ಬರುವುದು ಇವೆರಡರಿಂದ.

ಭಾರ ತರಲು ಇನ್ನೊಂದು ದಾರಿ ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳನ್ನು ಬೇಗಬೇಗ ಬದಲಿಸಿ ನುಡಿಸುವ ಅಲಂಕಾರ. 1720ರಲ್ಲಿ ಬಾಖ್ ತನ್ನ ದೊಡ್ಡ ಮಗ ವಿಲ್ಹೆಲ್ಮ್ ಫ್ರೀಡೆಮನ್‌ಗಾಗಿ ಶುರು ಮಾಡಿದ ಪುಸ್ತಕದಲ್ಲಿ ಅಲಂಕಾರಗಳ ಪಟ್ಟಿ ಇದೆ. ಅದರಲ್ಲಿ ಟ್ರಿಲ್ ಮೇಲಿನ ಸ್ವರದಿಂದ ಶುರುವಾಗುತ್ತೆ. ಹಾಗೆ ಮಾಡಿದಾಗ ಕೆಳಗಿನ ಬಾಸ್ ಜೊತೆ ಒಂದು ಕ್ಷಣ ತಿಕ್ಕಾಟ ಆಗುತ್ತೆ, ಆಮೇಲೆ ಇಳಿದು ಹಿತವಾಗುತ್ತೆ. ಸರಬಾಂಡ್‌ನ ಎರಡೂ ಭಾಗಗಳನ್ನು ಎರಡೆರಡು ಸಲ ನುಡಿಸಬೇಕು. ಮೊದಲ ಸಲ ಸಾದಾ, ಎರಡನೇ ಸಲ ಕೆಲವು ಅಲಂಕಾರ ಸೇರಿಸಿ ನುಡಿಸಿದೆ. ತುಂಬ ಸೇರಿಸಿದರೆ ರಾಗದ ಗೆರೆ ಮುಚ್ಚಿಹೋಗುತ್ತೆ, ನೋಡಿಕೊಳ್ಳಿ.

ಅಲ್ಮಾಂಡ್ ಬಾಖ್‌ನ ಕಾಲಕ್ಕಾಗಲೇ ಕುಣಿತದಿಂದ ದೂರ ಬಂದಿತ್ತು. ಅದನ್ನು ಸುಮ್ನೆ ಮಾತಾಡಿದ ಹಾಗೆ ನುಡಿಸಿದೆ. ಕುರಾಂಟ್‌ಗೆ ಬೆರಳು ಚುರುಕಿದ್ದರೆ ಸಾಕು. ಲೂರ್ ನಿಧಾನದ ಜೀಗ್‌ನಂತೆ. ಬಾರ್‌ಗೆ ಎರಡು ದೊಡ್ಡ ತೂಗು ಅಂತ ಹಿಡಿದೆ.

ಕೊನೆಯ ಜೀಗ್ ನನಗೆ ತುಂಬಾ ಇಷ್ಟ. 12/16 ತಾಳ. ಮೂರು ದನಿಗಳು ಒಂದರ ಹಿಂದೆ ಒಂದು ಅದೇ ಮಾತು ಎತ್ತಿಕೊಳ್ಳುತ್ತವೆ. ಎರಡನೇ ಭಾಗದಲ್ಲಿ ಬಾಖ್ ಆ ಮಾತನ್ನೇ ತಲೆಕೆಳಗು ಮಾಡುತ್ತಾನೆ. ಏರಿದ್ದು ಇಳಿಯುತ್ತೆ, ಇಳಿದದ್ದು ಏರುತ್ತೆ. ಹಾಗಾಗಿ ಎರಡನೇ ಭಾಗವನ್ನು ಮೊದಲು ಕಲಿತೆ. ಬೆರಳಿಗೆ ಕಷ್ಟ ಅಲ್ಲೇ. ಅದು ಎಷ್ಟು ವೇಗದಲ್ಲಿ ಸ್ಪಷ್ಟವಾಗಿ ಬರುತ್ತೋ ಅದೇ ವೇಗ ಇಡೀ ಜೀಗ್‌ಗೆ. ಬಾರ್‌ಗೆ ಹನ್ನೆರಡು ಸ್ವರ ಎಣಿಸುವುದನ್ನು ಬಿಟ್ಟು ನಾಲ್ಕು ನೆಗೆತ ಅಂತ ಭಾವಿಸಿದಾಗ ಮಣಿಕಟ್ಟಿನ ಬಿಗಿ ಸಡಿಲವಾಯಿತು.

ಈಗ ಆರನೇ ಸ್ವೀಟ್ ಹಿಡಿದಿದ್ದೇನೆ. ಇ ಮೇಜರ್. ಅದರಲ್ಲಿ ಮಿನುಯೆಟ್ ಇದೆ, ಆ ಹೆಜ್ಜೆ ಕಾಲಿಗೆ ಗೊತ್ತು. ಪೊಲೊನೇಸ್ ಕೂಡ ಇದೆ. ಅದರ ಹೆಜ್ಜೆ ಇನ್ನು ಕಲಿಯಬೇಕು.