ನಿಧಾನಕ್ಕೆ ಹಾಕಿಯೇ ವಿಕೆಟ್ ತೆಗೆದೆ: ಎಡಗೈ ಸ್ಪಿನ್ನರ್ ಒಬ್ಬನ ಅನುಭವ

"ಇಷ್ಟು ನಿಧಾನಕ್ಕೆ ಹಾಕಿದ್ರೆ ಸಿಕ್ಸ್ ಹೊಡೆಸ್ಕೊಳ್ತೀಯ ಕಣೋ" ಅಂತ ನನಗೆ ಹೇಳದ ಕೋಚ್ ಬೆಂಗಳೂರಿನಲ್ಲಿ ಇಲ್ಲ. ಕಳೆದ ಎರಡು ಸೀಸನ್‌ನಲ್ಲಿ ಇಲ್ಲಿನ ಕ್ಲಬ್ ಲೀಗ್‌ನಲ್ಲಿ ಎಪ್ಪತ್ತರ ಹತ್ತಿರ ವಿಕೆಟ್ ತೆಗೆದಿದ್ದೇನೆ, ನಿಧಾನಕ್ಕೆ ಹಾಕಿಯೇ. ಅದಕ್ಕೇ ಬರೆಯುತ್ತಿದ್ದೇನೆ.

ಅಂಡರ್-19 ಆಡಿದೆ. ಅಂಡರ್-23 ಸಂಭಾವ್ಯರ ಪಟ್ಟಿವರೆಗೂ ಹೋದೆ. ಅಲ್ಲಿಗೆ ನಿಂತಿತು. ಆಗ ಟಿ20 ನೋಡಿ ಎಲ್ಲರೂ ಚೆಂಡು ಮೇಲೆ ತೇಲಿಸದೆ ಫ್ಲಾಟ್ ಆಗಿ, ಜೋರಾಗಿ ಹಾಕು ಎಂದರು. ವೇಗವನ್ನು ಗಂಟೆಗೆ 92 ಕಿ.ಮೀ. ತನಕ ಒಯ್ದೆ. ರನ್ ಹೋಗಲಿಲ್ಲ ನಿಜ, ವಿಕೆಟ್ಟೂ ಬರಲಿಲ್ಲ. ಭುಜ ಹೋಯಿತು, ಫಿಸಿಯೋಗೆ ಮೂವತ್ತು ಸಾವಿರ ಸುರಿದೆ, ಕ್ಲಬ್ ನನ್ನನ್ನು ಬಿಟ್ಟಿತು, ಎರಡನೇ ಡಿವಿಷನ್‌ಗೆ ಇಳಿದೆ.

ದುಡ್ಡಿನ ಲೆಕ್ಕ ನಿಮಗೂ ಗೊತ್ತು. ರಣಜಿ ಆಡುವ ಹೊಸಬನಿಗೆ 2021ರಿಂದ ದಿನಕ್ಕೆ 40,000, ನಲವತ್ತು ಪಂದ್ಯ ದಾಟಿದವರಿಗೆ 60,000. ನಮಗೆ ಲೀಗ್‌ನಲ್ಲಿ ಊಟ, ಪೆಟ್ರೋಲ್ ಖರ್ಚು. ನೆಟ್ಸ್ ಬಾಡಿಗೆಗೆ ಗಂಟೆಗೆ ಐನೂರು, ಆರುನೂರು ಕೊಡಬೇಕು. ಬೆಳಿಗ್ಗೆ ಜಯನಗರದಲ್ಲಿ ಮಕ್ಕಳಿಗೆ ಕೋಚಿಂಗ್ ಮಾಡಿ ಅದನ್ನು ತುಂಬಿಸಿದೆ.

ಮತ್ತೆ ನಿಧಾನಕ್ಕೆ ಹಾಕಲು ಮನಸ್ಸು ಗಟ್ಟಿಯಾಗಿದ್ದು ನನ್ನ ಹಾಗೇ ಎಡಗೈ ಸ್ಪಿನ್ನರ್‌ಗಳಾಗಿದ್ದ ಹಳಬರಿಂದ. ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತೆಗೆದರು, ಭಾರತ ತಂಡದಲ್ಲಿ ಎಡಗೈ ಸ್ಪಿನ್ನರ್ ಬಿಷನ್ ಸಿಂಗ್ ಬೇಡಿ ಇದ್ದ ಕಾಲ, ಒಂದು ಟೆಸ್ಟೂ ಸಿಗಲಿಲ್ಲ. ಪದ್ಮಾಕರ್ ಶಿವಾಳ್ಕರ್ 589 ಫಸ್ಟ್ ಕ್ಲಾಸ್ ವಿಕೆಟ್ ತೆಗೆದರು, ಅವರದೂ ಅದೇ ಕಥೆ. ನಮ್ಮ ರಘುರಾಮ್ ಭಟ್ 1982ರ ರಣಜಿ ಸೆಮಿಫೈನಲ್‌ನಲ್ಲಿ ಎಷ್ಟು ತಿರುಗಿಸಿದರೆಂದರೆ, ಬಲಗೈ ಬ್ಯಾಟ್ಸ್‌ಮನ್ ಗವಾಸ್ಕರ್ ಎಡಗೈ ಬ್ಯಾಟಿಂಗ್‌ಗೆ ನಿಂತರು. ಭಟ್ ಅವರಿಗೆ ಸಿಕ್ಕಿದ್ದು ಎರಡೇ ಟೆಸ್ಟ್. ಇವರ್ಯಾರೂ ಬೌಲಿಂಗ್ ಬದಲಿಸಿಕೊಳ್ಳಲಿಲ್ಲ ಅಲ್ವಾ?

ಫೋನ್ ಅನ್ನು ಸ್ಟಂಪ್ ಪಕ್ಕ ಇಟ್ಟು ಸೆಕೆಂಡಿಗೆ 240 ಫ್ರೇಮ್ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದೆ. ಚೆಂಡು ಕೈ ಬಿಟ್ಟಲ್ಲಿಂದ ಪಿಚ್ ಮೇಲೆ ಬೀಳುವವರೆಗೆ ಎಣಿಸಿದೆ. ಜೋರಿನದು 140 ಫ್ರೇಮ್ ಆಸುಪಾಸು, ನಿಧಾನದ್ದು 165ರ ಮೇಲೆ. ಕೈಯ ವೇಗ ಎರಡಕ್ಕೂ ಒಂದೇ ಇರಬೇಕು, ಅದೇ ಕಷ್ಟ. ಕೈ ನಿಧಾನ ಮಾಡಿದ ಕೂಡಲೇ ಚೆಂಡು ತೇಲುತ್ತದೆ, ಕುಸಿಯುವುದಿಲ್ಲ, ಬ್ಯಾಟ್ಸ್‌ಮನ್ ಎತ್ತಿ ಬಿಸಾಡುತ್ತಾನೆ. ಮೊದಲ ಮಳೆಗಾಲ ಪೂರ್ತಿ ಹೀಗೇ ಹೊಡೆಸಿಕೊಂಡೆ. ಒಂದು ಪಂದ್ಯದಲ್ಲಿ ಎಂಟು ಓವರಿಗೆ ಎಪ್ಪತ್ತು ಚಿಲ್ಲರೆ ಹೋಯಿತು, ನಾಯಕ ಆಮೇಲೆ ಚೆಂಡು ಕೊಡಲಿಲ್ಲ. ಬೆರಳುಗಳನ್ನು ಸೀಮ್ (ಚೆಂಡಿನ ಹೊಲಿಗೆ) ಮೇಲೆ ಎಷ್ಟು ಅಗಲಿಸಿದೆ ಅನ್ನುವುದರಲ್ಲೇ ಪರಿಹಾರ ಸಿಕ್ಕಿತು. ಎಷ್ಟು ಅಂತ ಇಲ್ಲಿ ಬರೆಯಲ್ಲ, ಇನ್ನೂ ಆಡುತ್ತಿದ್ದೇನೆ.

ನಡುವೆ ಚೆಂಡನ್ನು ಬಕೆಟ್ ನೀರಲ್ಲಿ ನೆನೆಸಿ ಹಾಕಿ ನೋಡಿದೆ, ತೂಕ ಬಂದರೆ ಬೆರಳು ಬಲವಾಗುತ್ತೆ ಅಂದುಕೊಂಡು. ಏನೂ ಆಗಲಿಲ್ಲ, ಒಳ್ಳೆ ಚೆಂಡುಗಳು ಹಾಳಾದವು. ಮ್ಯಾಟ್ ಮೇಲೆ ಹಾಕುವುದನ್ನೂ ಕಡಿಮೆ ಮಾಡಿದೆ, ಅಲ್ಲಿ ಸುಮ್ನೆ ಹಾಕಿದರೂ ತಿರುಗುತ್ತೆ, ನಾವು ಚೆನ್ನಾಗಿ ಹಾಕುತ್ತಿದ್ದೇವೆ ಅಂತ ಅನ್ನಿಸುತ್ತೆ. ಟರ್ಫ್‌ನಲ್ಲಿ, ಅಂದರೆ ಮಣ್ಣಿನ ಪಿಚ್‌ನಲ್ಲಿ, ಖರ್ಚು ಜಾಸ್ತಿ, ಆದರೆ ಅಲ್ಲೇ ಗೊತ್ತಾಗುವುದು.

ಈಗ ಮತ್ತೆ ಮೊದಲ ಡಿವಿಷನ್‌ನಲ್ಲಿದ್ದೇನೆ. ಬೆಂಗಳೂರಿನ ಹೊರಗಿನ ಆಲೂರು ಮೈದಾನದಲ್ಲಿ ರಾಜ್ಯ ತಂಡದ ಇಬ್ಬರು ಬ್ಯಾಟ್ಸ್‌ಮನ್‌ಗಳನ್ನು ಒಂದೇ ಸ್ಪೆಲ್‌ನಲ್ಲಿ ಸ್ಟಂಪ್ ಮಾಡಿಸಿದೆ, ಇಬ್ಬರೂ ಮುಂದೆ ಬಂದು ಚೆಂಡು ತಲುಪದೆ ಸಿಕ್ಕಿಬಿದ್ದರು. ವಯಸ್ಸು 33, ಕರೆ ಬಂದಿಲ್ಲ. ಈ ಸೀಸನ್‌ಗೆ ಎಡಗೈ ಬ್ಯಾಟ್ಸ್‌ಮನ್‌ಗಳಿಗೆ ಕ್ರೀಸ್‌ನ ತುದಿಯಿಂದ ಅದೇ ನಿಧಾನದ ಚೆಂಡು ಹಾಕುವುದನ್ನು ಕಲಿಯುತ್ತಿದ್ದೇನೆ, ಸದ್ಯಕ್ಕೆ ಹತ್ತರಲ್ಲಿ ಆರು ಸರಿಯಾಗಿ ಬೀಳುತ್ತಿವೆ.