ಬಣ್ಣ ಮಾಸಿದ ಹಳೆಯ ಕಾರನ್ನು ಮನೆಯಲ್ಲೇ ತೊಳೆದು ಪಾಲಿಶ್ ಮಾಡಿದ ನನ್ನ ಅನುಭವ

ನಮ್ಮ ಮನೆಯ ಕೆಂಪು ಮಾರುತಿ 800 ಕಾರು 1996ರ ಮಾಡೆಲ್. ಬೆಂಗಳೂರಿನ ಬಿಸಿಲಿನಲ್ಲಿ ವರ್ಷಗಟ್ಟಲೆ ರಸ್ತೆಬದಿಯಲ್ಲೇ ನಿಂತು ಅದರ ಬಾನೆಟ್ ಮತ್ತು ಟಾಪಿನ ಕೆಂಪು ಮಾಸಿ ಗುಲಾಬಿಗೆ ತಿರುಗಿತ್ತು. ಬೆರಳಿನಿಂದ ಸವರಿದರೆ ಸೀಮೆಸುಣ್ಣ ಮುಟ್ಟಿದಂತೆ ಪುಡಿ ಅಂಟುತ್ತಿತ್ತು. ಗ್ಯಾರೇಜಿನವರೆಲ್ಲ ಫುಲ್ ಪೇಂಟಿಂಗ್ ಮಾಡಿಸಲು ಹೇಳಿದರು. ಆದರೆ ಡೋರಿನ ಒಳಅಂಚಿನಲ್ಲಿ, ಬಿಸಿಲು ತಾಗದ ಕಡೆ, ಕಾರ್ಖಾನೆಯ ಮೂಲ ಬಣ್ಣ ಇನ್ನೂ ಗಟ್ಟಿಯಾಗಿಯೇ ಇತ್ತು. ಅದನ್ನು ಕಂಡ ಮೇಲೆ, ಹೊಸದಾಗಿ ಬಳಿಸುವುದಕ್ಕಿಂತ ಇರುವುದನ್ನು ಉಳಿಸಿಕೊಳ್ಳುವುದೇ ಮೇಲೆಂದು ನಿರ್ಧರಿಸಿದೆ.

ಮೊದಲು ತಿಳಿಯಬೇಕಾದದ್ದು, ಬಣ್ಣದ ಮೇಲೆ ಕ್ಲಿಯರ್ ಕೋಟ್ ಇದೆಯೋ ಇಲ್ಲವೋ ಎಂಬುದು. ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಶ್ ಹಚ್ಚಿ ಎದ್ದುಕಾಣದ ಜಾಗದಲ್ಲಿ ಉಜ್ಜಿ ನೋಡಿದರೆ ಸಾಕು: ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಒಂದೇ ಪದರದ ಬಣ್ಣ, ಹತ್ತದಿದ್ದರೆ ಮೇಲೆ ಪಾರದರ್ಶಕ ಪದರವಿದೆ ಎಂದರ್ಥ. ನನ್ನ ಬಟ್ಟೆ ಕೆಂಪಾಯಿತು. ಇದು ಒಳ್ಳೆಯ ಸುದ್ದಿಯೇ. ಏಕೆಂದರೆ ಒಂದೇ ಪದರದ ಬಣ್ಣದಲ್ಲಿ ಮಾಸಿರುವುದು ಮೇಲ್ಮೈ ಮಾತ್ರ, ಅದರ ಕೆಳಗೆ ಜೀವವಿರುವ ಬಣ್ಣ ಇರುತ್ತದೆ. ಕ್ಲಿಯರ್ ಕೋಟ್ ಹೊಟ್ಟೆದ್ದು ಹೋದ ಕಾರಿಗಾದರೆ ಪಾಲಿಶ್ ಯಾವ ಪ್ರಯೋಜನವನ್ನೂ ಕೊಡುವುದಿಲ್ಲ, ಅಲ್ಲಿ ಮತ್ತೆ ಪೇಂಟಿಂಗ್ ಒಂದೇ ದಾರಿ. ಹಾಗೆಂದು ಒಂದೇ ಪದರದ ಬಣ್ಣವನ್ನೂ ಮನಬಂದಂತೆ ಉಜ್ಜುವಂತಿಲ್ಲ. ಕಾರ್ಖಾನೆಯ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ ನೂರು ಮೈಕ್ರಾನ್ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ತಳಪದರ ಮತ್ತು ಪ್ರೈಮರ್ ಕಳೆದರೆ ಮೇಲ್ಬಣ್ಣಕ್ಕೆ ಉಳಿಯುವುದು ಅದರಲ್ಲಿ ಅರ್ಧ. ರಬ್ಬಿಂಗ್ ಕಾಂಪೌಂಡ್ (ಉಜ್ಜುವ ಕಣಗಳಿರುವ ಪೇಸ್ಟ್) ಹಾಕಿ ಉಜ್ಜಿದಾಗಲೆಲ್ಲ ಅದರಲ್ಲೇ ಒಂದಿಷ್ಟು ಸವೆದುಹೋಗುತ್ತದೆ.

ನೀರಿನ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತು. ಉಳಿದದ್ದು ಬೋರ್‌ವೆಲ್ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿದ್ದು, ಹನಿ ಒಣಗಿದ ಕಡೆಯಲ್ಲೆಲ್ಲ ಬಿಳಿಯ ಕಲೆ ಉಳಿಯುತ್ತದೆ. ಮಾಸಿದ ಬಣ್ಣದ ಮೇಲೆ ಅದು ಇನ್ನಷ್ಟು ಎದ್ದುಕಾಣುತ್ತದೆ. ಆರ್‌ಓ ಫಿಲ್ಟರಿನಿಂದ ಹೊರಹೋಗುವ ನೀರನ್ನು ಹಿಡಿದಿಟ್ಟು ಕಾರು ತೊಳೆಯುವವರು ಹಲವರಿದ್ದಾರೆ. ಉದ್ದೇಶ ಒಳ್ಳೆಯದಾದರೂ ಆ ನೀರಿನಲ್ಲಿ ಲವಣ ಮೂಲ ನೀರಿಗಿಂತ ಹೆಚ್ಚಿರುತ್ತದೆಯಾದ್ದರಿಂದ ನಾನು ಅದನ್ನು ಚಕ್ರ ಮತ್ತು ಮಡ್‌ಗಾರ್ಡಿನ ಕೆಸರಿಗಷ್ಟೇ ಬಳಸುತ್ತೇನೆ. ಕೊನೆಯ ಸುತ್ತಿಗೆ ಡ್ರಮ್ಮಿನಲ್ಲಿ ಹಿಡಿದ ಮಳೆನೀರು ಬೇಕು. ಅದಿಲ್ಲದಾಗ ಎಸಿಯಿಂದ ತೊಟ್ಟಿಕ್ಕಿದ ನೀರೂ ನಡೆಯುತ್ತದೆ, ಅದು ಗಾಳಿಯ ತೇವವೇ ತಣಿದು ನೀರಾದದ್ದರಿಂದ ಅದರಲ್ಲಿ ಲವಣವಿರುವುದಿಲ್ಲ.

ತೊಳೆಯುವುದು ಬೆಳಗ್ಗೆ, ತಗಡು ತಣ್ಣಗಿರುವಾಗ. ಮೊದಲು ಬರಿಯ ನೀರು ಸುರಿದು ದೂಳನ್ನು ಇಳಿಸಬೇಕು. ಪ್ರೆಷರ್ ಪಂಪನ್ನು ನಾನು ಹತ್ತಿರ ಸೇರಿಸಲಿಲ್ಲ. ಎಲ್ಲಾದರೂ ಬಣ್ಣ ಎದ್ದಿದ್ದರೆ ಅದು ಹಾಳೆಯನ್ನೇ ಕಿತ್ತುಬಿಡುತ್ತದೆ. ಒಂದು ಬಕೆಟ್ಟಿನಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಟಾಪಿನಿಂದ ಆರಂಭಿಸಿ ಕೆಳಗಿಳಿಯುತ್ತ, ಕೆಸರು ಹೆಚ್ಚಿರುವ ಡೋರಿನ ಕೆಳಭಾಗವನ್ನು ಕಡೆಗೆ ಇಟ್ಟುಕೊಂಡೆ. ಪಾತ್ರೆ ಸೋಪು, ಬಟ್ಟೆ ಸೋಪಿನ ಪುಡಿ ಎರಡೂ ಬೇಡ. ನಮ್ಮ ಬೀದಿಯಲ್ಲಿ ತಿಂಗಳಿಗಿಷ್ಟೆಂದು ಕೊಟ್ಟು ದಿನವೂ ಕಾರು ಒರೆಸಿಸುವ ಪದ್ಧತಿ ಇದೆ. ಒಂದೇ ಬಕೆಟ್ಟಿನ ಕೆಂಪು ನೀರು, ಒಂದೇ ಬಟ್ಟೆ, ಸಾಲಾಗಿ ಎಲ್ಲ ಕಾರುಗಳು. ಬಿಸಿಲಿಗೆ ಓರೆಯಾಗಿ ನಿಂತು ನೋಡಿದರೆ ಬಾನೆಟ್ಟಿನ ಮೇಲೆ ಕಾಣುವ ಸುತ್ತುಸುತ್ತಾದ ಗೀರುಗಳು ಹೆಚ್ಚಾಗಿ ಈ ಒರೆಸುವಿಕೆಯ ಫಲ. ದೂಳು ಕುಳಿತ ಕಾರನ್ನು ಒಣಬಟ್ಟೆಯಿಂದ ಒರೆಸುವುದಕ್ಕಿಂತ ಹಾಗೆಯೇ ಬಿಡುವುದು ಕ್ಷೇಮ.

ತೊಳೆದು ಮೈಕ್ರೋಫೈಬರ್ ಬಟ್ಟೆಯಲ್ಲಿ ನೀರನ್ನು ಒತ್ತಿ ತೆಗೆದ ಮೇಲೆ, ಡಾಂಬರಿನ ಚುಕ್ಕೆಗಳಿಗೆ ಬಟ್ಟೆಯ ತುದಿಯಲ್ಲಿ ಸ್ವಲ್ಪ ಸೀಮೆಎಣ್ಣೆ ತಾಗಿಸಿ ಹಿಡಿದೆ. ಅವು ಕರಗಿದೊಡನೆ ಆ ಜಾಗವನ್ನು ಮತ್ತೆ ಶಾಂಪೂ ಹಾಕಿ ತೊಳೆಯಬೇಕು. ಮರದಿಂದ ಉದುರಿ ಗಟ್ಟಿಯಾದ ಅಂಟಿಗೆ ಕ್ಲೇ ಬಾರ್, ಅಂದರೆ ಬಣ್ಣಕ್ಕೆ ಅಂಟಿದ್ದನ್ನು ಎತ್ತಿ ತೆಗೆಯುವ ಜೇಡಿಯಂಥ ಮುದ್ದೆ, ಬೇಕಾಯಿತು. ಶಾಂಪೂ ನೀರನ್ನು ಧಾರಾಳವಾಗಿ ಚಿಮುಕಿಸಿ, ಒತ್ತದೆ ಜಾರಿಸಿದೆ.

ನಿಜವಾದ ಬದಲಾವಣೆ ಕಂಡದ್ದು ಮುಂದಿನ ಹಂತದಲ್ಲಿ. ಮಾಸಿದ ಬಣ್ಣಕ್ಕೆ ನೇರವಾಗಿ ಕಾಂಪೌಂಡ್ ಹಾಕದೆ, ಉಜ್ಜುವ ಕಣಗಳಿಲ್ಲದ, ಎಣ್ಣೆಯಂಶ ಹೆಚ್ಚಿರುವ ಗ್ಲೇಜನ್ನು ದಪ್ಪಗೆ ಬಳಿದು, ಕಾರನ್ನು ನೆರಳಿನಲ್ಲಿ ನಿಲ್ಲಿಸಿ ರಾತ್ರಿಯಿಡೀ ಬಿಟ್ಟೆ. ಒಣಗಿ ರಂಧ್ರಮಯವಾದ ಬಣ್ಣ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಮರುದಿನ ಒರೆಸಿದಾಗ ಬಟ್ಟೆಯ ತುಂಬ ಕೆಂಪು ಹತ್ತಿತು, ಬಾನೆಟ್ಟಿನ ಗುಲಾಬಿ ಛಾಯೆ ಬಹುಪಾಲು ಇಳಿದಿತ್ತು. ಟಾಪಿಗೆ ಇದನ್ನೇ ಮತ್ತೊಮ್ಮೆ ಮಾಡಬೇಕಾಯಿತು. ಆಮೇಲೆ ಅಂಚು, ಮಡಿಕೆ, ಬೀಡಿಂಗ್‌ಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅತ್ಯಂತ ನಯವಾದ ಪಾಲಿಶನ್ನು ಕೈಯಿಂದಲೇ, ಸಣ್ಣ ಸಣ್ಣ ಭಾಗಗಳಾಗಿ ಹಚ್ಚಿದೆ. ಅಂಚುಗಳಲ್ಲಿ ಬಣ್ಣ ತೆಳುವಾಗಿರುವುದರಿಂದ ಅಲ್ಲಿ ಪ್ರೈಮರ್ ಕಾಣಿಸಿಕೊಳ್ಳಲು ಹೆಚ್ಚು ಹೊತ್ತು ಬೇಡ. ಮೆಷಿನ್ ಇದ್ದರೆ ತೋಳುನೋವು ತಪ್ಪುತ್ತಿತ್ತು, ಒಪ್ಪುತ್ತೇನೆ. ಆದರೆ ಎಷ್ಟು ಸವೆಯಿತೆಂದು ಕೈಗೆ ತಿಳಿಯುವಷ್ಟು ಮೆಷಿನ್ನಿಗೆ ತಿಳಿಯದು. ಆಳವಾದ ಗೀರುಗಳನ್ನು ಹಾಗೆಯೇ ಬಿಟ್ಟೆ. ಇಷ್ಟಾದ ಮೇಲೆ ಕಾರ್ನೌಬಾ ವ್ಯಾಕ್ಸ್ (ಒಂದು ಬಗೆಯ ತಾಳೆ ಮರದ ಎಲೆಯಿಂದ ತೆಗೆದ ಮೇಣ). ಇದರ ಕೆಲಸ ಹೊಳಪಿಗಿಂತ ಮುಖ್ಯವಾಗಿ ಹೀರಿದ ಎಣ್ಣೆಯನ್ನು ಒಳಗೆ ತಡೆದು ಗಾಳಿ, ನೀರುಗಳನ್ನು ದೂರವಿಡುವುದು. ಬಿಸಿಲಿನಲ್ಲಿ ನಿಲ್ಲುವ ಕಾರಿಗೆ ಎರಡು ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಾಕದಿದ್ದರೆ ಬಣ್ಣ ಮತ್ತೆ ಮಾಸತೊಡಗುತ್ತದೆ.

ಡೋರಿನ ಕೆಳಗಿನ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ಒಳಗಿಳಿದ ನೀರು ಅಲ್ಲೇ ನಿಂತು ತುಕ್ಕು ಹಿಡಿಯುತ್ತದೆ, ಅವನ್ನು ಕಡ್ಡಿಯಿಂದ ಬಿಡಿಸಿದೆ. ಕಪ್ಪು ಪ್ಲಾಸ್ಟಿಕ್ಕಿಗೆ ಕೊಬ್ಬರಿ ಎಣ್ಣೆ ಸವರಿದರೆ ಅಂದು ಚೆನ್ನ, ಮಾರನೆಯ ದಿನ ದೂಳು. ಕವರನ್ನು ತೊಳೆದ ಕಾರಿನ ಮೇಲೆ ಮಾತ್ರ ಹೊದಿಸುತ್ತೇನೆ, ದೂಳಿನ ಮೇಲೆ ಹೊದಿಸಿದರೆ ಗಾಳಿಗೆ ಅಲುಗಾಡಿ ಅದೇ ಗೀರುತ್ತದೆ. ಆಯುಧಪೂಜೆಯ ಅರಿಶಿನದ ಕಲೆ ಬಿಸಿಲಿಗೆ ತಾನಾಗಿ ಮಾಸುತ್ತದೆ, ಆದರೆ ಬಣ್ಣ ಬೆರೆಸಿದ ಅಂಗಡಿ ಕುಂಕುಮ ಸವೆದ ಪೇಂಟಿನೊಳಗೆ ಇಳಿದರೆ ಬಿಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಈಗ ಗಂಧ, ಕುಂಕುಮವೆಲ್ಲ ಮುಂದಿನ ಗಾಜಿಗೇ.